ಆಟಿ ತಿಂಗಳ ಮೀಟರು

ಜುಲೈಯಲ್ಲಿ ನಮ್ಮ ಮನೆಯ ತಾರಸಿ ಮೇಲಿನ ಸೋಲಾರಿಗೆ ಕೆಲಸ ಕಡಿಮೆ. ಮೂರು ಕಿಲೋವ್ಯಾಟಿನದ್ದು. ಮಾರ್ಚ್‌ನಲ್ಲಿ ದಿನಕ್ಕೆ 12, 13 ಯೂನಿಟ್ ಕೊಡುತ್ತಿದ್ದದ್ದು ಆಟಿ ಬಂತೆಂದರೆ ನಾಲ್ಕಕ್ಕೆ ಇಳಿಯುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಸಮನೆ ಹೊಯ್ದ ದಿನ ಒಂದೂವರೆ. ಅಂಥ ದಿನಗಳಲ್ಲಿ ನಾನು ಕೊಡೆ ಹಿಡಿದುಕೊಂಡು ಮೀಟರ್ ನೋಡಲು ಹೋಗುವುದನ್ನು ಕಂಡು ಅಮ್ಮ ನಗುತ್ತಾರೆ. "ದಿಟ್ಟಿಸಿ ನೋಡಿದ್ರೆ ಜಾಸ್ತಿ ಬರ್ತದಾ?" ಅಂತ.

ಆಚೆಮನೆಯವರ ಪ್ರಶ್ನೆ ಬೇರೆ. "ಸರಕಾರ 200 ಯೂನಿಟ್ ಫ್ರೀ ಕೊಡ್ತದೆ. ನಿಮಗೆ ಯಾಕೆ ಮಾರಾಯ್ರೆ ಈ ತಲೆಬಿಸಿ?" ಇದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರ ಇಲ್ಲ. ಭೌತಶಾಸ್ತ್ರ ಪಾಠ ಮಾಡುವವನು, ಪಾಠ ಮಾಡಿದ್ದನ್ನು ಸ್ವಲ್ಪ ಮಾಡಿಯೂ ನೋಡಬೇಕು ಅನ್ನಿಸಿತು, ಅಷ್ಟೆ.

ಈ ಸಲ ತಲೆಬಿಸಿಗೆ ಇನ್ನೊಂದು ಕಾರಣ ಸಿಕ್ಕಿತು. ಪ್ಯಾನೆಲ್ ಹಿಡಿದುಕೊಂಡಿರುವ ಬೋಲ್ಟುಗಳು ಎರಡೇ ಮಳೆಗಾಲಕ್ಕೆ ತುಕ್ಕು ಹಿಡಿದಿವೆ. ಸ್ಪ್ಯಾನರ್ ಹಾಕಿದರೆ ತಲೆ ಪುಡಿಪುಡಿಯಾಗಿ ಉದುರುತ್ತದೆ, ಹಳೆಯ ರಸ್ಕಿನ ಹಾಗೆ. ನಮ್ಮ ಮನೆ ಸುರತ್ಕಲ್ ಕಡೆ. ಕಡಲಿಗೆ ಒಂದು ಕಿಲೋಮೀಟರ್ ಸಹ ಇಲ್ಲ. ಇಲ್ಲಿ ಕಿಟಕಿಯ ಸರಳು, ಗೇಟು, ಸೈಕಲ್ಲು, ಫ್ರಿಜ್ಜಿನ ಬೆನ್ನು, ಎಲ್ಲದಕ್ಕೂ ತುಕ್ಕು. ಹಾಕಿಕೊಟ್ಟವರಿಗೆ ಅದು ಗೊತ್ತಿರಬೇಕಿತ್ತು. ಫೋನ್ ಮಾಡಿದರೆ "ಮಳೆ ಮುಗಿಯಲಿ ಸರ್, ನೋಡುವ" ಅಂದರು. ಸ್ಟೇನ್‌ಲೆಸ್ ಸ್ಟೀಲಿನ ಬೋಲ್ಟು 12 ತಂದು ನಾನೇ ಹಾಕುವುದು ಅಂತ ತೀರ್ಮಾನ ಮಾಡಿದೆ. ಹಾಕಲು ಬಿಸಿಲು ಬೇಕಲ್ಲ, ಅದಕ್ಕೆ ಕಾಯುತ್ತಾ ಕೂತಿದ್ದೇನೆ. ಕೂತಾಗ ಇದನ್ನೆಲ್ಲ ಬರೆಯುತ್ತಿದ್ದೇನೆ.

ಘಟ್ಟದ ಮೇಲಿನವರಿಗೆ ಹೇಳಬೇಕು: ಆಟಿ ಅಂದರೆ ತುಳುವರ ಲೆಕ್ಕದಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ತಿಂಗಳು. ಈಗ ಅದು ಹೋಟೆಲುಗಳಲ್ಲಿ ಪತ್ರೊಡೆ ತಿನ್ನುವ ಹಬ್ಬ ಆಗಿದೆ. ನನ್ನ ಅಜ್ಜಿಗೆ ಅದು ಹೊಟ್ಟೆಯ ಪ್ರಶ್ನೆ. ಕಡಲಿಗೆ ಇಳಿಯುವ ಹಾಗಿಲ್ಲ, ಗದ್ದೆಯಲ್ಲಿ ನೇಜಿ ನೆಡುವುದು ಮುಗಿದಿದೆ, ಕೂಲಿ ಇಲ್ಲ, ಕಣಜದಲ್ಲಿ ಅಕ್ಕಿ ತಳ ಕಂಡಿದೆ. ಆಗ ಭರಣಿಯಿಂದ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಹೊರಗೆ ಬರುತ್ತಿತ್ತು. ಮಣ್ಣು ಮೆತ್ತಿ ಇಟ್ಟಿದ್ದ ಹಲಸಿನ ಬೀಜ ಬರುತ್ತಿತ್ತು. ಅಟ್ಟದ ಮೇಲಿನ ಒಣಮೀನಿನ ಬುಟ್ಟಿ ಬರುತ್ತಿತ್ತು. ಏಪ್ರಿಲ್, ಮೇಯ ಬಿಸಿಲನ್ನು ಅಜ್ಜಿ ಒಣಮೀನು ಮಾಡಿ ಕಟ್ಟಿಡುತ್ತಿದ್ದರು ಅಂತ ಈಗ ಅನ್ನಿಸುತ್ತದೆ. ಆಗ ಆ ವಾಸನೆಗೆ ಮೂಗು ಮುಚ್ಚಿಕೊಂಡು ಓಡುತ್ತಿದ್ದೆ.

ಅಜ್ಜಿಯ ಮೂಲಮನೆ ಪಣಂಬೂರಿನಲ್ಲಿತ್ತು. ಅರವತ್ತರ ದಶಕದಲ್ಲಿ ಹೊಸ ಬಂದರಿಗೆ, ಅಂದರೆ ನವಮಂಗಳೂರು ಬಂದರಿಗೆ, ಜಾಗ ಬೇಕು ಅಂತ ಆಯಿತು. ಆ ಊರಿನ ಎಷ್ಟೋ ಮನೆಯವರು ಕಾಟಿಪಳ್ಳ, ಕೃಷ್ಣಾಪುರದ ಕಡೆ ಬಂದು ಕೂತರು. ನಮ್ಮವರೂ ಬಂದರು. ಅಜ್ಜಿ ಕೊನೆಯ ತನಕ ಹೊಸ ಬಂದರಿಗೆ ಬಂದರು ಅನ್ನಲಿಲ್ಲ. "ನಮ್ಮ ಜಾಗೆ" ಅನ್ನುತ್ತಿದ್ದರು. ಬಂದರು ಅಂದರೆ ಅವರಿಗೆ ಪೇಟೆಯ ಹಳೆ ಬಂದರು ಮಾತ್ರ, ನೇತ್ರಾವತಿ, ಗುರುಪುರ ಹೊಳೆಗಳು ಕಡಲಿಗೆ ಸೇರುವಲ್ಲಿದ್ದದ್ದು.

ಆ ಹಳೆ ಬಂದರಿಗೂ ಆಟಿ ಇತ್ತು. ಹಂಚು, ಕಾಫಿ, ಗೇರುಬೀಜ ಎಲ್ಲ ಅಲ್ಲಿಂದಲೇ ಹೊರಗೆ ಹೋಗುತ್ತಿದ್ದದ್ದು. ದೊಡ್ಡ ಹಡಗು ಹೊಳೆಯೊಳಗೆ ಬರುವಷ್ಟು ಆಳ ಇಲ್ಲ. ಅದು ಕಡಲಲ್ಲೇ ನಿಲ್ಲಬೇಕು, ದೋಣಿಗಳಲ್ಲಿ ಸಾಮಾನು ಸಾಗಿಸಬೇಕು. ಲಕ್ಷದ್ವೀಪದ ಕಡೆ ಹೋಗುವ ಮಂಜಿಗಳು ಹಾಯಿ ಬಿಚ್ಚಿಕೊಂಡು ಹೊರಡುತ್ತಿದ್ದವು. ಮಳೆ ಹಿಡಿಯಿತೋ, ಹೊಳೆ ಕಡಲಿಗೆ ಸೇರುವ ಅಳಿವೆಬಾಗಿಲಲ್ಲಿ ತೆರೆ ಎದ್ದಿತೋ, ಎಲ್ಲ ಬಂದ್. ಮಂಜಿಗಳನ್ನು ದಡಕ್ಕೆ ಎಳೆದು ತೆಂಗಿನ ಮಡಲು ಹೊದೆಸಿ ಇಡುವುದು. ಮತ್ತೆ ಕಡಲು ತೆರೆಯುವುದು ಸೆಪ್ಟೆಂಬರಿನ ಹೊತ್ತಿಗೆ. ಗಾಳಿಯಲ್ಲಿ ಓಡುವ ಬಂದರು ಗಾಳಿ ಬೇಡ ಅಂದಾಗ ನಿಲ್ಲುತ್ತಿತ್ತು. ಅದನ್ನು ಯಾರೂ ದೊಡ್ಡ ಆದರ್ಶ ಅಂತ ಮಾಡಿದ್ದಲ್ಲ. ಬೇರೆ ದಾರಿ ಇರಲಿಲ್ಲ, ಅಷ್ಟೆ. ಆ ನಾಲ್ಕು ತಿಂಗಳು ಹಮಾಲಿ ಮಾಡುವವರ ಮನೆಯಲ್ಲಿ ಒಲೆ ಹೇಗೆ ಉರಿಯುತ್ತಿತ್ತು ಅಂತ ಕೇಳಿದರೆ ಹಾಯಿಹಡಗಿನ ಚಂದವೆಲ್ಲ ಇಳಿದುಹೋಗುತ್ತದೆ.

ಹೊಸ ಬಂದರು ಹುಟ್ಟಿದ್ದೇ ಈ ಆಟಿಯನ್ನು ಇಲ್ಲ ಮಾಡಲಿಕ್ಕೆ. 1974ರ ಮೇ 4ರಂದು ಅದು ದೇಶದ ಒಂಬತ್ತನೇ ದೊಡ್ಡ ಬಂದರು ಅನ್ನಿಸಿಕೊಂಡಿತು. 1975ರ ಜನವರಿ 11ರಂದು ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದರು. ಸರ್ವಋತು ಬಂದರು ಅಂತ ಅದರ ಹೆಗ್ಗಳಿಕೆ. ದಡವನ್ನು ಕೊರೆದು ಒಳಗೆ ಕೊಳ ಮಾಡಿ, ಎರಡು ಕಡೆ ಕಲ್ಲಿನ ತೋಳು ಚಾಚಿ, ಹಡಗು ಬರುವ ದಾರಿಯ ಹೂಳನ್ನು ವರ್ಷ ವರ್ಷ ಎತ್ತಿ, ಹೊಯ್ಯುವ ಮಳೆಯಲ್ಲೂ ಕೆಲಸ ನಡೆಯುವ ಹಾಗೆ ಮಾಡಿದರು. ಕುದುರೆಮುಖದ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ನೀರಿನ ಜೊತೆ ಇಳಿದು ಇಲ್ಲಿಗೆ ಬಂತು. ಆ ಗಣಿ 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಿಂದ ನಿಂತಿತು. ಬಂದರು ನಿಲ್ಲಲಿಲ್ಲ. ಕಚ್ಚಾ ತೈಲ, ಗ್ಯಾಸು, ಗೊಬ್ಬರ, ಕಲ್ಲಿದ್ದಲು. ಈಗ ವರ್ಷಕ್ಕೆ 4 ಕೋಟಿ ಟನ್ನಿಗಿಂತ ಜಾಸ್ತಿ ಸರಕು.

ಇದೇ ಬಂದರು ಈಗ ಸೋಲಾರ್ ಬಂದರು ಕೂಡ. ನೆಲದ ಮೇಲೆ, ಗೋದಾಮಿನ ಮಾಡಿನ ಮೇಲೆ ಸೇರಿ ಸುಮಾರು 5 ಮೆಗಾವ್ಯಾಟ್. ತನ್ನ ಬಳಕೆಯ ಅಷ್ಟೂ ಕರೆಂಟು ಬಿಸಿಲಿನದ್ದೇ ಅಂತ ಬಂದರು ಹೇಳಿಕೊಳ್ಳುತ್ತದೆ. ಇದು ಸಣ್ಣ ಮಾತಲ್ಲ. 2023ರಲ್ಲಿ ಕೇಂದ್ರ ಸರಕಾರ ಹರಿತ್ ಸಾಗರ್ ಅಂತ ನಿಯಮಾವಳಿ ತಂದು, 2030ರ ಒಳಗೆ ಬಂದರುಗಳ ಕರೆಂಟಿನಲ್ಲಿ ನೂರಕ್ಕೆ 60 ಪಾಲು ನವೀಕರಿಸುವ ಮೂಲದ್ದಾಗಬೇಕು ಅಂದಿತು. ನಮ್ಮವರು ಅದಕ್ಕೂ ಮೊದಲೇ ಆ ಗುರಿ ದಾಟಿದ್ದರು.

ಇದನ್ನು ಒಮ್ಮೆ ಸೆಕೆಂಡ್ ಪಿಯುಸಿ ಕ್ಲಾಸಿನಲ್ಲಿ ಲೆಕ್ಕವಾಗಿ ಕೊಟ್ಟೆ. ಬಂದರಿನ 5 ಮೆಗಾವ್ಯಾಟ್ ಸೋಲಾರು ವರ್ಷಕ್ಕೆ 1,500 ಗಂಟೆ ಪೂರ್ತಿ ಓಡಿದ ಲೆಕ್ಕದಲ್ಲಿ ಎಷ್ಟು ಯೂನಿಟ್? 75 ಲಕ್ಷ. ಬಂದರಿನಲ್ಲಿ ಇಳಿಯುವ ಕಲ್ಲಿದ್ದಲಿನ ಒಂದು ಭಾಗ ರೈಲಿನಲ್ಲಿ ಪಡುಬಿದ್ರಿ ಹತ್ತಿರದ ಸ್ಥಾವರಕ್ಕೆ ಹೋಗುತ್ತದೆ. ಅದು 600ರ ಎರಡು ಘಟಕ, ಒಟ್ಟು 1,200 ಮೆಗಾವ್ಯಾಟ್. ಪೂರ್ತಿ ಓಡಿದರೆ ಗಂಟೆಗೆ 12 ಲಕ್ಷ ಯೂನಿಟ್. ಹಾಗಾದರೆ ಬಂದರಿನ ಒಂದು ವರ್ಷದ ಬಿಸಿಲನ್ನು ಈ ಸ್ಥಾವರ ಎಷ್ಟು ಹೊತ್ತಲ್ಲಿ ಮಾಡಿ ಮುಗಿಸುತ್ತದೆ?

ಹಿಂದಿನ ಬೆಂಚಿನ ಹುಡುಗನೊಬ್ಬ ಬೇಗ ಕೈ ಎತ್ತಿದ. "ಆರೂಕಾಲು ಗಂಟೆ ಸರ್. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದ್ರೆ ಸಂಜೆ ನಮಗೆ ಬೆಲ್ ಹೊಡೆಯುವ ಮೊದಲು ಮುಗೀತದೆ."

ಕ್ಲಾಸು ನಕ್ಕಿತು. ಆಮೇಲೆ ಬೆಂಗ್ರೆ ಕಡೆಯಿಂದ ಬರುವ ಹುಡುಗಿ ಕೇಳಿದಳು. "ಸರ್, ಹಡಗು ಧಕ್ಕೆಯಲ್ಲಿ ನಿಂತಾಗ ಅದರ ಲೈಟು, ಪಂಪು ಎಲ್ಲ ಓಡ್ತದಲ್ಲ. ಅದು ಯಾರ ಲೆಕ್ಕಕ್ಕೆ?" ಒಳ್ಳೆಯ ಪ್ರಶ್ನೆ. ಹಡಗಿನ ಒಳಗೆ ಅದರದ್ದೇ ಜನರೇಟರ್ ಇರುತ್ತದೆ. ಎಣ್ಣೆ ಸುಟ್ಟು ಓಡುವಂಥದ್ದು. ದಡದಿಂದಲೇ ವಯರು ಎಳೆದು ಹಡಗಿಗೆ ಕರೆಂಟು ಕೊಡುವ ವ್ಯವಸ್ಥೆ ಲೋಕದ ಕೆಲವು ಬಂದರುಗಳಲ್ಲಿ ಬಂದಿದೆ. ಅದಿಲ್ಲದ ಕಡೆ ಹಡಗಿನ ಹೊಗೆ ಬಂದರಿನ ಕರೆಂಟು ಬಿಲ್ಲಿಗೆ ಸೇರುವುದಿಲ್ಲ. ಕಲ್ಲಿದ್ದಲಿನ ಹೊಗೆಯೂ ಸೇರುವುದಿಲ್ಲ, ಅದು ಸುಡುವವರ ಲೆಕ್ಕ. ಬಂದರು ಹೇಳುವುದು ಸುಳ್ಳಲ್ಲ. ಅದು ಮನೆಯ ಲೈಟಿನ ಲೆಕ್ಕ ಹೇಳುತ್ತಿದೆ, ಅಂಗಡಿಯ ವ್ಯಾಪಾರದ್ದಲ್ಲ.

ಇಲ್ಲಿಗೆ ಬಂದು ಹೋದ ಇನ್ನೊಂದು ವಿಚಿತ್ರವನ್ನು ಹೇಳದಿದ್ದರೆ ತಪ್ಪಾಗುತ್ತದೆ. 2001ರಲ್ಲಿ ತಣ್ಣೀರುಬಾವಿಯ ಹೊಳೆಗೆ ಒಂದು ಕರೆಂಟು ಕಾರ್ಖಾನೆ ತೇಲಿಕೊಂಡು ಬಂತು. ನಿಜಕ್ಕೂ ತೇಲಿಕೊಂಡು! ಬಾರ್ಜುಗಳ ಮೇಲೆ ಕಟ್ಟಿದ್ದ 220 ಮೆಗಾವ್ಯಾಟಿನ ಸ್ಥಾವರ, ನಾಫ್ತಾ ಅನ್ನುವ ಪೆಟ್ರೋಲಿಯಂ ಎಣ್ಣೆಯಲ್ಲಿ ಓಡುವಂಥದ್ದು. ಆಗ ಕಾಲೇಜಿಗೆ ಹೋಗುತ್ತಿದ್ದ ನಾವು ಸುಲ್ತಾನ್ ಬತ್ತೇರಿಯಿಂದ ದೋಣಿ ದಾಟಿ ನೋಡಲು ಹೋಗಿದ್ದೆವು. ನಾಫ್ತಾ ದುಬಾರಿ, ಆದ್ದರಿಂದ ಆ ಕರೆಂಟೂ ದುಬಾರಿ. ಏಳು ವರ್ಷದ ಒಪ್ಪಂದ ಮುಗಿಯಿತು. ಬಂದ ಹಾಗೆಯೇ ಒಂದು ದಿನ ಎಳೆದುಕೊಂಡು ಪೂರ್ವದ ಕಡಲಿನ ಕಾಕಿನಾಡಕ್ಕೆ ಹೋದರು. ಟೆಂಟು ಕಿತ್ತ ಸರ್ಕಸ್ಸಿನ ಹಾಗೆ.

ಪಡುಬಿದ್ರಿಯ ಕಲ್ಲಿದ್ದಲು ಸ್ಥಾವರ ಮಾತ್ರ ಊರಿಗೆ ಹಾಗೆ ಸುಲಭವಾಗಿ ಬಂದದ್ದಲ್ಲ. ತೊಂಬತ್ತರ ದಶಕದಲ್ಲಿ ಅಲ್ಲಿಗೆ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ಬರುವ ಮಾತು ಇದ್ದಾಗ ಕರಾವಳಿಯಲ್ಲಿ ಎಷ್ಟು ಸಭೆ, ಎಷ್ಟು ಮೆರವಣಿಗೆ! 1999ರ ಕೊನೆಗೆ ಅವರು ಬಿಟ್ಟುಹೋದರು. ಗೆದ್ದೆವು ಅಂದುಕೊಂಡೆವು. ಹತ್ತು ಹನ್ನೆರಡು ವರ್ಷದಲ್ಲಿ ಬೇರೆಯವರ ಹೆಸರಲ್ಲಿ ಚಿಮಣಿ ಎದ್ದು ನಿಂತಿತು.

ಆದರೆ ಅದೇ ಪಡುಬಿದ್ರಿಯಲ್ಲಿ ಗಾಳಿಯಂತ್ರದ ರೆಕ್ಕೆಗಳೂ ತಯಾರಾಗುತ್ತವೆ. ಸುಜ್ಲಾನ್ ಕಾರ್ಖಾನೆ. ರೈಲಿನಲ್ಲಿ ಕಲ್ಲಿದ್ದಲು ಬರುವ ಊರಿನಿಂದಲೇ ಲಾರಿಯಲ್ಲಿ ರೆಕ್ಕೆ ಹೊರಡುತ್ತದೆ. ಒಂದು ರಾತ್ರಿ ಉಡುಪಿಯಿಂದ ಬರುವಾಗ ಅಂಥ ಒಂದು ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡೆ. ಐವತ್ತು ಮೀಟರಿಗಿಂತ ಉದ್ದ ಇದ್ದಿರಬೇಕು. ಬಿಳಿ, ನಯ, ದೊಡ್ಡ ಮೀನಿನ ಬೆನ್ನಿನ ಹಾಗೆ. ಬಾಲದ ತುದಿಗೆ ಕೆಂಪು ಬಟ್ಟೆ, ಮಿಣಮಿಣ ಲೈಟು. ಲಾರಿ ಹೆದ್ದಾರಿಯಿಂದ ಒಳರಸ್ತೆಗೆ ತಿರುಗಬೇಕು. ರಸ್ತೆಗೆ ಅಡ್ಡ ಕರೆಂಟಿನ ವಯರು ಜೋತುಬಿದ್ದಿದೆ. ಇಬ್ಬರು ಹುಡುಗರು ಇಳಿದರು. ಒಬ್ಬ ಉದ್ದದ ಬಿದಿರಿನ ಕೋಲಿನಿಂದ ವಯರನ್ನು ಮೇಲೆತ್ತಿ ಹಿಡಿದ. ಇನ್ನೊಬ್ಬ ಹಿಂದೆ ನಡೆಯುತ್ತಾ "ಬಾ, ಬಾ, ಬಾ" ಅನ್ನುತ್ತಿದ್ದ. ಕರೆಂಟು ಮಾಡಲು ಹೊರಟ ರೆಕ್ಕೆ ಕರೆಂಟಿನ ವಯರಿನ ಅಡಿಯಲ್ಲಿ ಒಂದೊಂದೇ ಅಡಿ ತೆವಳಿತು. ಹಿಂದೆ ಸಾಲುಗಟ್ಟಿದ ಬಸ್ಸುಗಳ ಹಾರ್ನು. ನಾನು ಎಂಜಿನ್ ಆಫ್ ಮಾಡಿ ಸುಮ್ನೆ ನೋಡಿದೆ. ಇಪ್ಪತ್ತು ನಿಮಿಷ ಹಿಡಿಯಿತು.

ಆ ರೆಕ್ಕೆಯ ಬಗ್ಗೆ ಆಮೇಲೆ ತುಂಬಾ ಯೋಚನೆ ಮಾಡಿದ್ದೇನೆ. ಯಾಕೆ ಅಂದರೆ, ನನ್ನ ಮೀಟರು ನಿಧಾನವಾಗುವ ಆಟಿಯಲ್ಲೇ ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ಜೋರು. ನಮ್ಮ ಮೇಲೆ ಮಳೆ ಸುರಿದು ಹಗುರಾದ ಅದೇ ಮುಂಗಾರು ಗಾಳಿ ಘಟ್ಟ ಹತ್ತಿ ಅಲ್ಲಿ ಫ್ಯಾನು ತಿರುಗಿಸುತ್ತದೆ. ಲಿಂಗನಮಕ್ಕಿ ತುಂಬುತ್ತಾ ಬರುತ್ತದೆ. ಬಯಲುಸೀಮೆಯಲ್ಲಿ ಮಳೆ ಬಿದ್ದರೆ ಪಂಪ್‌ಸೆಟ್ಟುಗಳು ನಿಲ್ಲುತ್ತವೆ. ಒಳ್ಳೆಯ ಮಳೆಯಾದ ವರ್ಷ ರಾಯಚೂರಿನ ಕಲ್ಲಿದ್ದಲು ಘಟಕಗಳನ್ನೇ ಒಂದೊಂದಾಗಿ ಆರಿಸಿ ಇಡುತ್ತಾರೆ. ಅಂದರೆ ಈಗ ಆಟಿ ಬರುವುದು ಕಲ್ಲಿದ್ದಲಿಗೆ! ಯಾವ ಕಾಲಮಾನವನ್ನು ದಾಟಬೇಕು ಅಂತ ಸರ್ವಋತು ಬಂದರು ಕಟ್ಟಿದೆವೋ ಆ ಕಾಲಮಾನ ಹಿಂದಿನ ಬಾಗಿಲಿನಿಂದ ಒಳಗೆ ಬಂದಿದೆ. ಕರೆಂಟಿಗೆ ಮತ್ತೆ ಬಿಸಿಲುಗಾಲ, ಗಾಳಿಗಾಲ, ನೀರುಗಾಲ. ನಮ್ಮ ಅಜ್ಜಿಯಾಗಿದ್ದರೆ ಇದರಲ್ಲಿ ಹೊಸದೇನು ಅನ್ನುತ್ತಿದ್ದರು.

ಕೂಡಿಡುವುದೇ ಕಷ್ಟ. ನಾನು ಮಾರ್ಚ್‌ನಲ್ಲಿ ಗ್ರಿಡ್ಡಿಗೆ ಕೊಟ್ಟದ್ದು ಬಿಲ್ಲಿನಲ್ಲಿ ಮಾತ್ರ ನನ್ನ ಹೆಸರಲ್ಲಿದೆ. ನಿಜವಾಗಿ ಅದು ಆ ಹೊತ್ತಿಗೇ ಯಾರದೋ ಮಿಕ್ಸಿಯಲ್ಲಿ ಖರ್ಚಾಗಿದೆ. ಕರೆಂಟಿನ ಭರಣಿ ಅಂದರೆ ಬ್ಯಾಟರಿ, ಇಲ್ಲವೇ ನೀರನ್ನು ಮೇಲೆ ಪಂಪು ಮಾಡಿ ಇಟ್ಟುಕೊಳ್ಳುವುದು. ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಅಂಥ 2,000 ಮೆಗಾವ್ಯಾಟಿನ ಯೋಜನೆ ಹಾಕಿದ್ದಾರೆ. ಅದು ಸಿಂಗಳೀಕಗಳ ಕಾಡು. ಆ ಕಾಡಿನೊಳಗೆ ಸುರಂಗ, ರಸ್ತೆ. ಅಜ್ಜಿಯ ಭರಣಿಗೆ ಒಂದು ಹಲಸಿನ ಮರ ಸಾಕಾಗಿತ್ತು. ನಾನು ಸೋಲಾರಿನ ಪರ, ಗಾಳಿಯ ಪರ. ಆದರೆ ಆ ಕಾಡಿನ ಹೆಸರು ಕೇಳಿದರೆ ನನ್ನ ಧ್ವನಿ ಸಣ್ಣದಾಗುತ್ತದೆ.

ಕಳೆದ ಡಿಸೆಂಬರಿನಲ್ಲಿ, ಕ್ಲಾಸಿನಲ್ಲಿ ಹಡಗಿನ ಲೈಟಿನ ಲೆಕ್ಕ ಕೇಳಿದ ಆ ಹುಡುಗಿಯ ಅಪ್ಪನನ್ನು ನೋಡಲು ಬೆಂಗ್ರೆಗೆ ಹೋಗಿದ್ದೆ. ಹಳೆ ಬಂದರಿನಿಂದ ಫೆರಿ ಬೋಟಿನಲ್ಲಿ ಹತ್ತು ನಿಮಿಷ. ಅವರು ಟ್ರಾಲ್ ಬೋಟಿನ ತಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಮಗಳ ಮಾರ್ಕು ವಿಚಾರ ಎರಡು ನಿಮಿಷದಲ್ಲಿ ಮುಗಿಯಿತು. ಚಾ ಕುಡಿದು ಅಳಿವೆಬಾಗಿಲಿನ ಕಲ್ಲಿನ ಗೋಡೆಯ ತನಕ ನಡೆದೆವು. ಮೀನುಗಾರಿಕೆ ಬೋಟುಗಳು ಕ್ಷೇಮವಾಗಿ ಒಳಗೆ ಬರಲಿ ಅಂತ ತೊಂಬತ್ತರ ದಶಕದಲ್ಲಿ ಕಟ್ಟಿದ್ದು. ಗೋಡೆಯ ಈಚೆ, ಬೆಂಗ್ರೆಯ ಕಡೆ, ಮರಳು ಬೆಳೆದು ಬೆಳೆದು ಹುಡುಗರಿಗೆ ಕ್ರಿಕೆಟ್ ಮೈದಾನ ಆಗಿದೆ. ಆಚೆ, ಉಳ್ಳಾಲದ ಕಡೆ, ಕಡಲು ಮನೆಗಳನ್ನು, ತೆಂಗಿನ ಮರಗಳನ್ನು ತಿಂದಿದೆ. ಗೋಡೆ ಒಂದೇ. ಮರಳಿಗೆ ನಡೆಯುವ ದಾರಿ ಇತ್ತು, ಅದಕ್ಕೆ ಅಡ್ಡ ಕಲ್ಲು ಬಿತ್ತು. ಆಮೇಲೆ ಉಳ್ಳಾಲಕ್ಕೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ದಿಬ್ಬ ಮಾಡಿದರು. ಕೊರೆತ ಇನ್ನಷ್ಟು ತೆಂಕಕ್ಕೆ, ಸೋಮೇಶ್ವರ, ಬಟ್ಟಪಾಡಿಯ ಕಡೆಗೆ ಹೋಯಿತು. ಹೊಸ ಬಂದರಿನ ಬಡಗಿನಲ್ಲೂ ಇದೇ ಕತೆ. ಮೀನಕಳಿಯ, ಹೊಸಬೆಟ್ಟು, ಸಸಿಹಿತ್ಲು, ಪ್ರತಿ ಮಳೆಗಾಲ ಒಂದಲ್ಲ ಒಂದು ಊರಿನ ಫೋಟೊ ಪೇಪರಿನಲ್ಲಿ ಬರುತ್ತದೆ. ಎಲ್ಲಿ ಕೂಗು ಜೋರಿದೆಯೋ ಅಲ್ಲಿಗೆ ಲಾರಿಯಲ್ಲಿ ಕಲ್ಲು ಬರುತ್ತದೆ. ಕಲ್ಲು ಘಟ್ಟದ ಬುಡದ ಗುಡ್ಡದಿಂದ ಬರುತ್ತದೆ. ಹೊಳೆಯಲ್ಲಿ ಇಳಿದು ಬರಬೇಕಾದ ಮರಳು ಮಾತ್ರ ಲಾರಿ ಹತ್ತಿ ಬೇರೆ ಕಡೆ ಹೋಗುತ್ತದೆ.

"ಮೊದಲು ಗಾಳಿಗೆ ಒಂದು ಲೆಕ್ಕ ಇತ್ತು ಮಾಸ್ಟ್ರೆ" ಅಂದರು ತಂಡೇಲರು. "ಪತ್ತನಾಜೆ ಕಳೆದ ಮೇಲೆ ತೂಫಾನು. ಅಲ್ಲಿವರೆಗೆ ಹೆದರಿಕೆ ಇಲ್ಲ. ಈಗ ಅದು ಹೇಳಿ ಕೇಳಿ ಬರುವುದಿಲ್ಲ."

ಪತ್ತನಾಜೆ ಮೇ 24ರ ಹೊತ್ತಿಗೆ. ಕೋಲ, ಯಕ್ಷಗಾನದ ಮೇಳ ಎಲ್ಲ ಗೆಜ್ಜೆ ಬಿಚ್ಚುವ ದಿನ. 2021ರಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಎದುರು ಹಾದುಹೋದದ್ದು ಅದಕ್ಕೆ ಎಂಟೊಂಬತ್ತು ದಿನ ಮೊದಲು. 2017ರ ಒಖಿ ಬಂದದ್ದು ಡಿಸೆಂಬರಿನ ಬಾಗಿಲಲ್ಲಿ, ಕಡಲು ಕೊಳದ ಹಾಗೆ ಇರಬೇಕಾದಾಗ. ಅರಬ್ಬಿ ಕಡಲು ಬಿಸಿಯಾಗಿದೆ, ಚಂಡಮಾರುತ ಜಾಸ್ತಿಯಾಗಿದೆ ಅಂತ ಪುಣೆಯ ಹವಾಮಾನ ವಿಜ್ಞಾನಿಗಳು ಹೇಳಿದ್ದಾರೆ. ತಂಡೇಲರಿಗೆ ಅದನ್ನು ಹೇಳಿದೆ. "ನಮಗೆ ಬಲೆಯಲ್ಲಿ ಗೊತ್ತಾಗ್ತದೆ" ಅಂದರು.

ಬೂತಾಯಿಯ ಮಾತು ಅದು. ನಮ್ಮ ಕಡೆ ಬಡವರ ಮನೆಯ ಮೀನು. ಒಂದು ವರ್ಷ ಚೀಲ ಚೀಲ ಕೊಡುತ್ತಾರೆ, ಇನ್ನೊಂದು ವರ್ಷ ದುಬಾರಿ ಅಂಜಲು ಮೀನಿನ ಹಾಗೆ ತೂಗಿ ಕೊಡುತ್ತಾರೆ. ನೆರೆಯ ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿನ ಹತ್ತಿರ ಬೂತಾಯಿ ಸಿಕ್ಕಿತ್ತು. 2021ರಲ್ಲಿ 3,297 ಟನ್. ಆಮೇಲೆ ಮತ್ತೆ ಬಂತು. ಕಡಲಿನ ಬಿಸಿ, ಮಳೆ, ಸಣ್ಣ ಮರಿಗಳನ್ನೂ ಬಿಡದ ಬಲೆ, ಎಲ್ಲ ಸೇರಿದೆ ಇದರಲ್ಲಿ. ತಂಡೇಲರು ಬಲೆಯ ಮಾತು ಬಂದಾಗ ಕಡಲಿನ ಕಡೆ ನೋಡಿದರು. ಅವರ ಬೋಟು ಒಂದು ಸಲ ಹೊರಟರೆ ಸಾವಿರಾರು ಲೀಟರ್ ಡೀಸೆಲ್ ಬೇಕು. ಮೀನು ದೂರ ಹೋದಷ್ಟೂ ಡೀಸೆಲ್ ಜಾಸ್ತಿ.

"ನಿಮ್ಮ ಸೋಲಾರು ಬೋಟಿಗೆ ಆಗ್ತದಾ ಮಾಸ್ಟ್ರೆ?" ಅಂತ ಕೇಳಿದರು.

ಬಲೆ ಎಳೆಯುವ ಎಂಜಿನ್ನಿಗೆ ಆಗುವುದಿಲ್ಲ, ಲೈಟಿಗೆ, ವಯರ್‌ಲೆಸ್ಸಿಗೆ ಆಗ್ತದೆ ಅಂದೆ.

"ಹಾಗಾದ್ರೆ ಬಂದರಿನ ಹಾಗೆಯೇ" ಅಂದರು. ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ, ಬೀಡಿ ಬಾಯಲ್ಲಿತ್ತು.

ಈ ಕಡಲಿನಲ್ಲಿ ಆಟಿ ಪೂರ್ತಿ ಸತ್ತಿಲ್ಲ ಅನ್ನಲಿಕ್ಕೆ ಒಂದೇ ಸಾಕ್ಷಿ ಉಳಿದಿದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಮೊದಲು ಕಡಲು ಹಾಕುತ್ತಿದ್ದ ಬೀಗವನ್ನು ಈಗ ಸರಕಾರ ಹಾಕುತ್ತದೆ. ಧಕ್ಕೆಯಲ್ಲಿ ಬೋಟಿಗೆ ಬೋಟು ತಾಗಿಸಿ ಕಟ್ಟಿರುತ್ತಾರೆ, ಕಾಲಿಡಲು ಜಾಗ ಇರುವುದಿಲ್ಲ. ಆ ಎರಡು ತಿಂಗಳು ತಂಡೇಲರು ಮನೆಯ ಮಾಡಿನ ಹಂಚು ತಿರುಗಿಸುತ್ತಾರೆ, ಬಲೆ ಹೆಣೆಯುತ್ತಾರೆ, ಸಾಲದ ಲೆಕ್ಕ ಮಾಡುತ್ತಾರೆ.

ಇಷ್ಟು ಬರೆದು ನಾಲ್ಕು ದಿನ ಬಿಟ್ಟಿದ್ದೆ. ನಿನ್ನೆ ಆಟಿ ಅಮಾವಾಸ್ಯೆ. ಆಚೆಮನೆಯವರು ನಸುಕಿನಲ್ಲೇ ಹಾಲೆ ಮರದ ತೊಗಟೆ ತಂದುಕೊಟ್ಟರು. ಅದಕ್ಕೆ ಕಬ್ಬಿಣ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಅಮ್ಮ ಓಮ, ಬೆಳ್ಳುಳ್ಳಿ, ಕರಿಮೆಣಸು ಹಾಕಿ ಕಷಾಯ ಮಾಡಿದರು. ವಿಷದ ಹಾಗೆ ಕಹಿ. ಮೇಲಿಂದ ಮೆಂತೆ ಗಂಜಿ. ಒಂಬತ್ತೂವರೆಗೆ ಮೋಡ ಒಡೆಯಿತು. ಬಂದರಿನ ಕಡೆಯಿಂದ ಹಡಗಿನ ಹಾರ್ನು ಉದ್ದಕ್ಕೆ ಒಮ್ಮೆ ಕೇಳಿತು. ಸ್ಪ್ಯಾನರು, ಎಣ್ಣೆ ಡಬ್ಬಿ, ಹೊಸ ಬೋಲ್ಟು ಹಿಡಿದು ತಾರಸಿ ಹತ್ತಿದೆ. ಕೆಳಗಿನಿಂದ ಅಮ್ಮ ಕೂಗಿದರು: "ಮೀಟರ್ ಓಡ್ತಾ ಉಂಟು!" ಅವರೇ ನೋಡಲು ಹೋಗಿದ್ದರು, ಕೊಡೆ ಇಲ್ಲದೆ. ಹನ್ನೊಂದಕ್ಕೆ ಮತ್ತೆ ಮಳೆ ಹಿಡಿಯಿತು. ಅಷ್ಟರಲ್ಲಿ ಎಂಟು ಬೋಲ್ಟು ಮುಗಿದಿತ್ತು. ನಾಲ್ಕು ಬಾಕಿ ಇದೆ.